ಒಂಬತ್ತನೇ ಸಾಲಿನ ಮರ್ಯಾದೆ

ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ಒಕಿಹಾರಾ ಚಿನಾತ್ಸು ಮೇಜಿನ ಮುಂದೆ ಕೂತು, ಚಹಾದ ಒಂದು ಗುಟುಕು ಕುಡಿದು, ಒಂಬತ್ತನೇ ಪಾಠದ ವಿಡಿಯೊ ಹುಡುಕಿದಳು. ಸಿಗಲಿಲ್ಲ. ಬೇರೆ ಹೆಸರಲ್ಲಿ ಇಟ್ಟಿರಬೇಕು ಅಂದುಕೊಂಡು ಮತ್ತೆ ಹುಡುಕಿದಳು. ಒಂದರಿಂದ ಎಂಟರವರೆಗೆ ಎಲ್ಲ ಪಾಠಗಳೂ ಅಚ್ಚುಕಟ್ಟಾಗಿ ಕೂತಿದ್ದವು. ಒಂಬತ್ತನೆಯದು ಇರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ. ಚಹಾ ಅಲ್ಲೇ ಆರಿತು, ಅವಳ ಎದೆ ಡವಡವ ಹೊಡೆದುಕೊಳ್ಳತೊಡಗಿತು.

ಹೊಡೆದುಕೊಳ್ಳದೆ ಇನ್ನೇನು ಮಾಡೀತು ಹೇಳಿ. ಒಳನಾಡ ಸಮುದ್ರದ ದಕ್ಷಿಣ ದಡದ ಸಾಕಾಇದೆಯಲ್ಲಿರುವ ಹಮಾಕಾವಾ ವಿಶ್ವವಿದ್ಯಾಲಯ, ಉತ್ತರ ದಡದ ಕೊಜಿಮಾದಲ್ಲಿರುವ ತೊಮೊಯೆ ವಿಶ್ವವಿದ್ಯಾಲಯ, ಎರಡೂ ಸೇರಿ ಎರಡು ವರ್ಷ ಹೆಣಗಾಡಿ ಮಾಡಿದ ಆನ್‌ಲೈನ್ ಕೋರ್ಸು ಅದು. ವಿಷಯ ಉಪ್ಪು. ಎರಡೂ ಊರು ಒಂದು ಕಾಲಕ್ಕೆ ಉಪ್ಪನ್ನೇ ನಂಬಿ ಬದುಕಿದವು. ಈಗ ಎರಡೂ ಕಡೆ ವಿದ್ಯಾರ್ಥಿಗಳು ಕಡಿಮೆ, ಮೇಷ್ಟ್ರುಗಳೂ ಕಡಿಮೆ. ಪಾಠವನ್ನಾದರೂ ಹಂಚಿಕೊಳ್ಳೋಣ ಎಂದು ಹೊರಟಿದ್ದರು. ನಾಲ್ಕು ಪಾಠ ಈ ದಡದವರದು, ನಾಲ್ಕು ಆ ದಡದವರದು, ಒಂಬತ್ತನೆಯದು ಸಮಾರೋಪ. ಶುಕ್ರವಾರ ಮಧ್ಯಾಹ್ನ ನಾಲ್ಕರೊಳಗೆ ಒಂಬತ್ತೂ ಜಂಟಿ ಸಮಿತಿಯ ಮುಂದೆ ಹೋಗದಿದ್ದರೆ ಏಪ್ರಿಲ್‌ನಲ್ಲಿ ಕೋರ್ಸು ಶುರುವಾಗುವುದಿಲ್ಲ. ಕೋರ್ಸು ಇಲ್ಲದಿದ್ದರೆ ಅದನ್ನು ನೋಡಿಕೊಳ್ಳುವ ಹುದ್ದೆಯೂ ಇಲ್ಲ.

ಆ ಹುದ್ದೆಯಲ್ಲಿದ್ದವಳು ಚಿನಾತ್ಸು. ಅವಳ ಗುತ್ತಿಗೆ ಮಾರ್ಚ್ ಮೂವತ್ತೊಂದಕ್ಕೆ ಮುಗಿಯುತ್ತಿತ್ತು. ಮೂವತ್ತೊಂಬತ್ತು ವರ್ಷಕ್ಕೆ ಐದು ಊರು, ಐದು ಕಚೇರಿ ಕಂಡವಳು. ಪ್ರತಿ ಕಚೇರಿಯೂ ಗುತ್ತಿಗೆ ಮುಗಿದ ದಿನ ಅವಳ ಕೈಗೊಂದು ಹೂಗುಚ್ಛ ಕೊಟ್ಟು, ಎಲ್ಲರೂ ಎದ್ದುನಿಂತು ಚಪ್ಪಾಳೆ ತಟ್ಟಿ ಕಳಿಸಿಕೊಟ್ಟಿತ್ತು. ಹೂ ಕಂಡರೆ ಅವಳಿಗೆ ಈಗ ಮೈಯೆಲ್ಲ ಉರಿ. ಈ ಕೆಲಸ ಮಾತ್ರ ಅವಳಿಗೆ ಹಿಡಿಸಿತ್ತು. ಜನಪದ ಆಚರಣೆಗಳ ಮೇಲೆ ಎಂ.ಎ. ಮಾಡಿದವಳು, ಮೊದಲ ಬಾರಿಗೆ ಓದಿದ್ದಕ್ಕೂ ಮಾಡುವುದಕ್ಕೂ ನಂಟು ಕೂಡಿಬಂದಿತ್ತು. ಮುಂದಿನ ವರ್ಷ ಏನು ಅಂತ ವಿಭಾಗದ ಮುಖ್ಯಸ್ಥ ಬಾಂದೋ ಅವರನ್ನು ಕೇಳಿದಾಗಲೆಲ್ಲ ಅವರು, ಕೋರ್ಸು ಶುರುವಾಗಲಿ, ಆಮೇಲೆ ನೋಡೋಣ ಅನ್ನುತ್ತಿದ್ದರು. ಅದಕ್ಕಿಂತ ಒಂದಕ್ಷರ ಹೆಚ್ಚು ಅವರ ಬಾಯಿಂದ ಹೊರಟಿದ್ದಿಲ್ಲ.

ಇಷ್ಟಾಗಿ ತಪ್ಪು ಯಾರದು? ಇದು ಸ್ವಲ್ಪ ನಾಚಿಕೆಯ ಸಂಗತಿ. ಎರಡೂ ಕಡೆಯವರು ತೆರೆದು ನೋಡಬಹುದಾದ ಒಂದು ಹಾಳೆಯನ್ನು ಚಿನಾತ್ಸುವೇ ಕಂಪ್ಯೂಟರಿನಲ್ಲಿ ಮಾಡಿಟ್ಟಿದ್ದಳು. ಒಂಬತ್ತು ಪಾಠಕ್ಕೆ ಒಂಬತ್ತು ಸಾಲು. ಪಾಠ ಯಾರದು ಎನ್ನುವ ಮನೆ ಖಾಲಿ ಇದ್ದರೆ ಸಾಲು ಕೆಂಪು, ಏನಾದರೂ ಬರೆದರೆ ಹಸಿರು. ಫೆಬ್ರವರಿಯಲ್ಲೇ ಒಂಬತ್ತೂ ಹಸಿರಾಗಿದ್ದವು. ಅವಳು ದಿನಾ ಬೆಳಿಗ್ಗೆ ಆ ಹಸಿರು ನೋಡಿ, ನೆಮ್ಮದಿಯ ಉಸಿರು ಬಿಟ್ಟು, ಬೇರೆ ಕೆಲಸ ನೋಡಿಕೊಳ್ಳುತ್ತಿದ್ದಳು. ಹಸಿರು ಮನೆಯೊಳಗೆ ಏನು ಬರೆದಿದೆ ಅಂತ ಓದುವ ಬುದ್ಧಿ ಬಂದಿರಲಿಲ್ಲ. ಈಗ ಓದಿದಳು.

ಮೊದಲು ಈ ದಡದ ಕುಸುನೊಸೆ ಮೇಷ್ಟ್ರು ಬರೆದಿದ್ದರು. ಉಪ್ಪಿನ ಚರಿತ್ರೆಯಲ್ಲಿ ಪಳಗಿದವರು. ಸಮಾರೋಪದ ಗೌರವ ತೊಗಾವಾ ಸೆನ್ಸೇ, ಅಂದರೆ ತೊಗಾವಾ ಗುರುಗಳಿಗೇ ಸಲ್ಲಬೇಕು ಅಂತ ಅವರ ಒಕ್ಕಣೆ. ಅದರ ಕೆಳಗೆ ಆ ದಡದ ತೊಗಾವಾ ಮೇಷ್ಟ್ರು, ಉಪ್ಪಿನ ರಸಾಯನಶಾಸ್ತ್ರವನ್ನು ಅರೆದು ಕುಡಿದವರು, ಅಷ್ಟು ದೊಡ್ಡ ಮಾತಿಗೆ ತಾನು ಯೋಗ್ಯನಲ್ಲ, ಕುಸುನೊಸೆ ಸೆನ್ಸೇ ಇರುವಾಗ ತಾನು ಬಾಯಿ ತೆರೆಯುವುದುಂಟೇ ಅಂತ ಬರೆದಿದ್ದರು. ಮತ್ತೆ ಕುಸುನೊಸೆ, ಛೇ ಛೇ, ಹಾಗನ್ನಬಾರದು, ತಾವೇ. ಮತ್ತೆ ತೊಗಾವಾ, ಇಲ್ಲ ಇಲ್ಲ, ತಾವೇ. ಇಬ್ಬರೂ ಎರಡೆರಡು ಸಲ. ಅಲ್ಲಿಗೆ ನಿಂತಿತ್ತು. ಮನೆ ಭರ್ತಿ, ಸಾಲು ಹಚ್ಚಹಸಿರು, ಪಾಠ ಸೊನ್ನೆ.

ಚಿನಾತ್ಸು ತಲೆ ಚಚ್ಚಿಕೊಂಡಳು. ಅವಳಿಗೆ ಒಂದೇ ಏಟಿಗೆ ಎಲ್ಲ ಅರ್ಥವಾಗಿತ್ತು. ಗೌರವದ ಕೆಲಸ ಬಂದಾಗ ಎರಡು ಸಲ ಒಲ್ಲೆ ಅನ್ನಬೇಕು, ಮೂರನೇ ಸಲ ಕೇಳಿದಾಗ ಸಂಕೋಚಪಡುತ್ತ ಒಪ್ಪಿಕೊಳ್ಳಬೇಕು. ಇದು ಯಾರೂ ಹೇಳಿಕೊಡದ, ಎಲ್ಲರಿಗೂ ಗೊತ್ತಿರುವ ಮರ್ಯಾದೆ. ಇಬ್ಬರೂ ಎರಡು ಸಲ ಒಲ್ಲೆ ಅಂದು, ಮೂರನೇ ಕರೆಗಾಗಿ ಒಂದೂವರೆ ತಿಂಗಳಿಂದ ಕಾಯುತ್ತ ಕೂತಿದ್ದಾರೆ. ಇಬ್ಬರಿಗೂ ಆ ಪಾಠ ಮಾಡುವ ಆಸೆ ಗಂಟಲತನಕ ಇದೆ. ಕೇಳಬೇಕಾದವಳು ಹಸಿರು ನೋಡಿಕೊಂಡು ಹಾಯಾಗಿದ್ದಳು.

ಆ ದಡದ ಕಚೇರಿಯಲ್ಲಿ ಇದೇ ಕೆಲಸ ನೋಡಿಕೊಳ್ಳುವ ಮಿಜೊಬುಚಿಗೆ ಫೋನ್ ಮಾಡಿದಳು. ಎರಡು ವರ್ಷದಲ್ಲಿ ಇಬ್ಬರೂ ಮುಖಾಮುಖಿಯಾಗಿದ್ದು ಮೂರೇ ಸಲ, ಆದರೆ ಫೋನಿನಲ್ಲಿ ಒಡಹುಟ್ಟಿದವರ ಹಾಗೆ. ಮಿಜೊಬುಚಿ ಹಾಳೆ ತೆರೆದು ಓದಿ, ಮೊದಲು ನಕ್ಕಳು. ಆಮೇಲೆ ನಗು ನಿಂತಿತು.

"ಹಾಗಾದ್ರೆ ನಿಮ್ಮ ಮೇಷ್ಟ್ರನ್ನ ಇವತ್ತೇ ಮೂರನೇ ಸಲ ಕೇಳಿಬಿಡಿ," ಅಂದಳು.

"ನಮ್ಮವರನ್ನ ಮಾತ್ರ ಕೇಳಿದ್ರೆ ನಿಮ್ಮವರು ಸುಮ್ನಿರ್ತಾರಾ?"

ಸುಮ್ಮನಿರುವುದಿಲ್ಲ ಅಂತ ಇಬ್ಬರಿಗೂ ಗೊತ್ತು. ಜಗಳವನ್ನೇನೂ ಆಡುವುದಿಲ್ಲ, ತೊಗಾವಾ ಮೇಷ್ಟ್ರು ಅಂಥವರಲ್ಲ. ತಲೆ ಬಾಗಿಸಿ ಅಭಿನಂದನೆ ಹೇಳಿ, ಮೂರು ಡಬ್ಬಿ ಸಿಹಿ ಕಳಿಸಿ, ಜಂಟಿ ಅರ್ಜಿಯ ಮೇಲೆ ತಮ್ಮ ಮುದ್ರೆ ಒತ್ತುವುದನ್ನು ಮಾತ್ರ ಏಪ್ರಿಲ್‌ವರೆಗೂ ಮರೆತಿರುತ್ತಾರೆ. ತಿರುಗಿಸಿ ಮಾಡಿದರೆ ಕುಸುನೊಸೆ ಮೇಷ್ಟ್ರೂ ಅಷ್ಟೇ. ಯಾರು ಹಿರಿಯರು ಅಂತ ನೋಡಿ ಕೇಳೋಣವೆಂದರೆ ಅದೂ ಬಗೆಹರಿಯದು. ಕುಸುನೊಸೆ ವಯಸ್ಸಿನಲ್ಲಿ ಮೂರು ವಾರ ದೊಡ್ಡವರು, ತೊಗಾವಾ ಪ್ರೊಫೆಸರ್ ಆದದ್ದು ಒಂದು ವರ್ಷ ಮೊದಲು. ಎರಡೂ ವಿಶ್ವವಿದ್ಯಾಲಯದವರು ಸೇರಿ ಊಟ ಮಾಡಿದ ದಿನ ಇಬ್ಬರಲ್ಲಿ ಯಾರು ಬಾಗಿಲಿನಿಂದ ದೂರದ ಮೇಲಿನ ಆಸನದಲ್ಲಿ ಕೂರಬೇಕು ಎನ್ನುವುದಕ್ಕೇ ಸಾರು ತಣ್ಣಗಾಗಿತ್ತು.

ಕೊನೆಗೆ ಚಿನಾತ್ಸು, ಮಿಜೊಬುಚಿ ಇಬ್ಬರೂ ಒಂದು ಉಪಾಯ ಹೂಡಿದರು. ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಸರಿಯಾಗಿ, ಅವಳು ಅಲ್ಲಿ, ಇವಳು ಇಲ್ಲಿ, ಏಕಕಾಲಕ್ಕೆ ಇಬ್ಬರು ಮೇಷ್ಟ್ರ ಕೋಣೆಗೂ ನುಗ್ಗಿ ಮೂರನೇ ಸಲ ಕೇಳಿಬಿಡುವುದು. ಹನ್ನೊಂದಕ್ಕೆ ಚಿನಾತ್ಸು ಬಾಗಿಲು ತಟ್ಟಿದಳು. ಒಳಗೆ ಯಾರೂ ಇಲ್ಲ. ಸಾಕಾಇದೆಯಲ್ಲಿ ಹತ್ತು ದಿನ ಇದ್ದವರಿಗೂ ಹೊಳೆಯಬೇಕಾದ ವಿಷಯ ಅವಳಿಗೆ ಹೊಳೆದಿರಲಿಲ್ಲ: ಕುಸುನೊಸೆ ಮೇಷ್ಟ್ರು ಹತ್ತೂಮುಕ್ಕಾಲಿಗೇ ಉದೊನ್ ನೂಡಲ್ಸ್ ತಿನ್ನಲು ಎದ್ದುಹೋಗುವವರು. ತಡವಾದರೆ ಅಂಗಡಿಯ ಮುಂದೆ ಸಾಲು ಬೆಳೆಯುತ್ತದೆ. ಚಿನಾತ್ಸು ಮೊಬೈಲ್ ಹಿಡಿದು, ನಿಲ್ಲಿಸು ನಿಲ್ಲಿಸು ಅಂತ ಸಂದೇಶ ಕಳಿಸುವಷ್ಟರಲ್ಲಿ ಮಿಜೊಬುಚಿ ತೊಗಾವಾ ಮೇಷ್ಟ್ರ ಮುಂದೆ ಅರ್ಧ ಬಾಗಿ ಆಗಿತ್ತು. ಏನಮ್ಮ ವಿಷಯ ಅಂತ ಅವರು ಕನ್ನಡಕ ತೆಗೆದು ಕೇಳಿದರಂತೆ. ಹೂಕುಂಡಕ್ಕೆ ನೀರು ಹಾಕೋಕೆ ಬಂದೆ ಸೆನ್ಸೇ ಅಂದಳಂತೆ ಅವಳು. ಅವರ ಕೋಣೆಯಲ್ಲಿದ್ದದ್ದು ಪ್ಲಾಸ್ಟಿಕ್ ಗಿಡ. ಅದಕ್ಕೇ ನೀರು ಹಾಕಿ ಬಂದಳು.

ಮಧ್ಯಾಹ್ನ ಚಿನಾತ್ಸು ಅನ್ನದ ಡಬ್ಬಿ ತೆರೆದಿಟ್ಟುಕೊಂಡು ತಿನ್ನದೆ ಕೂತಿದ್ದಳು. ಗೋಡೆಯ ಮೇಲೆ ಕ್ಯಾಲೆಂಡರು. ಮೂವತ್ತೊಂದರ ಮೇಲೆ ಯಾರೂ ಗುರುತು ಹಾಕಿರಲಿಲ್ಲ, ಆದರೂ ಕಣ್ಣು ಅಲ್ಲೇ ಹೋಗುತ್ತಿತ್ತು. ಇಬ್ಬರನ್ನೂ ಒಂದೇ ಕ್ಷಣಕ್ಕೆ ಕೇಳಬೇಕು, ಒಬ್ಬರ ಕಡೆ ತಿರುಗಿದರೆ ಇನ್ನೊಬ್ಬರಿಗೆ ಬೆನ್ನು. ಅಷ್ಟರಲ್ಲಿ ಎದುರಿನ ಕಂಪ್ಯೂಟರಿನ ತಲೆಯ ಮೇಲಿದ್ದ ಪುಟ್ಟ ಕ್ಯಾಮೆರಾ ಕಣ್ಣಿಗೆ ಬಿತ್ತು. ಅದಕ್ಕೆ ಎಡಬಲ ಇಲ್ಲ. ಅದರ ಮುಂದೆ ಬಾಗಿದರೆ ಯಾರು ಯಾರು ನೋಡುತ್ತಿದ್ದಾರೋ ಅಷ್ಟೂ ಜನಕ್ಕೆ ಬಾಗಿದ ಹಾಗೆ. ಎರಡು ವರ್ಷದಿಂದ ಆನ್‌ಲೈನ್ ಕೋರ್ಸು ಮಾಡುತ್ತ ಕೂತವಳಿಗೆ ಇದು ಈಗ ತೋಚಿತಲ್ಲ ಅಂತ ತನ್ನನ್ನೇ ಬೈದುಕೊಂಡು, ಡಬ್ಬಿಯಲ್ಲಿದ್ದ ಹುರಿದ ಮೊಟ್ಟೆಯನ್ನು ಒಂದೇ ತುತ್ತಿಗೆ ನುಂಗಿದಳು.

ಮೂರು ಗಂಟೆಗೆ ಪರದೆಯ ಮೇಲೆ ಸಭೆ ಸೇರಿತು. ಕುಸುನೊಸೆ ಮೇಷ್ಟ್ರು ದುಂಡುಮುಖದ, ಬಿಳಿ ಹುಬ್ಬಿನ ಆಸಾಮಿ. ತೊಗಾವಾ ಮೇಷ್ಟ್ರು ಕಡ್ಡಿಯಂಥವರು, ತಲೆ ನುಣ್ಣಗೆ. ಇಬ್ಬರೂ ಹವೆಯ ಬಗ್ಗೆ, ಪ್ಲಮ್ ಹೂ ಈ ಸಲ ಬೇಗ ಉದುರಿದ ಬಗ್ಗೆ ಹದಿನೈದು ನಿಮಿಷ ಮಾತಾಡಿದರು. ಮಿಜೊಬುಚಿ ಒಂದು ಮೂಲೆಯಲ್ಲಿ ಉಸಿರು ಬಿಗಿಹಿಡಿದು ಕೂತಿದ್ದಳು.

ಚಿನಾತ್ಸು ಸುತ್ತುಬಳಸಲಿಲ್ಲ. ಒಂಬತ್ತನೇ ಪಾಠ ಇಲ್ಲವೆಂದೂ, ಇದು ಮೇಷ್ಟ್ರುಗಳ ತಪ್ಪಲ್ಲವೆಂದೂ, ಬರೆದದ್ದನ್ನು ಓದದೆ ಬಣ್ಣ ನೋಡಿ ನಂಬಿದ ತನ್ನ ತಪ್ಪೆಂದೂ ಹೇಳಿದಳು. ಶುಕ್ರವಾರದ ಗಡುವನ್ನೂ ಹೇಳಿದಳು. ತನ್ನ ಗುತ್ತಿಗೆಯ ವಿಷಯ ಮಾತ್ರ ಎತ್ತಲಿಲ್ಲ. ಆಮೇಲೆ ಎದ್ದುನಿಂತು, ಕೈ ತೊಡೆಗೆ ಅಂಟಿಸಿ, ಕ್ಯಾಮೆರಾದ ಮುಂದೆ ಸೊಂಟ ಮುರಿಯುವಷ್ಟು ಬಾಗಿದಳು.

"ದಯವಿಟ್ಟು ಈ ಪಾಠ ಮಾಡಿಕೊಡಬೇಕು ಸೆನ್ಸೇ."

ಯಾವ ಸೆನ್ಸೇ ಅಂತ ಹೇಳಲಿಲ್ಲ. ತಲೆ ಎತ್ತಲೂ ಇಲ್ಲ. ಮೇಷ್ಟ್ರುಗಳಿಗೆ ಪರದೆಯ ಮೇಲೆ ಅವಳ ಕೂದಲಿನ ಬೈತಲೆಯೊಂದೇ ಕಾಣುತ್ತಿತ್ತು. ಹಣೆ ಕೀಲಿಮಣೆಗೆ ತಾಗಿ ಟಣ್ ಟಣ್ ಅಂತ ಸದ್ದು ಬರುತ್ತಿತ್ತು, ಅವಳು ಅದಕ್ಕೂ ಅಲುಗಲಿಲ್ಲ.

"ಇಷ್ಟು ಕೇಳ್ತಿದ್ದಾರೆ, ಹಾಗಾದ್ರೆ..." ಎಂದು ಎರಡು ದಡದಿಂದ ಎರಡು ದನಿ ಒಟ್ಟಿಗೆ ಬಂದವು. ಒಟ್ಟಿಗೇ ನಿಂತವು. ಮತ್ತೆ ಇಬ್ಬರೂ, ತಾವು ಹೇಳಿ, ಇಲ್ಲ ತಾವು ಹೇಳಿ ಅಂತ ಶುರುಮಾಡಿದರು. ಮಿಜೊಬುಚಿಗೆ ತಡೆಯಲಾಗಲಿಲ್ಲ. ಇಬ್ಬರೂ ಒಟ್ಟಿಗೆ ಒಪ್ಪಿಕೊಂಡಿದ್ದನ್ನ ನಾನು ಕಿವಿಯಾರೆ ಕೇಳಿದೆ, ಬರ್ಕೊಂಡೂ ಆಯ್ತು ಅಂತ ಮೂಲೆಯಿಂದ ಹೇಳಿಬಿಟ್ಟಳು. ಮೇಷ್ಟ್ರುಗಳು ತಲೆಯಾಡಿಸಿದರು. ಇಬ್ಬರ ಮುಖದಲ್ಲೂ ಹಬ್ಬದ ಕಳೆ.

ಗುರುವಾರ ತೊಗಾವಾ ಮೇಷ್ಟ್ರು ದೊಡ್ಡ ಸೇತುವೆಯ ಮೇಲಿನ ರೈಲಿನಲ್ಲಿ ಸಮುದ್ರ ದಾಟಿ, ತಮ್ಮ ಕಡೆಯ ಸಿಹಿ, ಕಿಬಿ ಉಂಡೆಯ ಎರಡು ಡಬ್ಬಿ ಹಿಡಿದುಕೊಂಡು ಬಂದರು. ರೆಕಾರ್ಡಿಂಗ್ ಕೋಣೆಯಲ್ಲಿ ಮೇಲಿನ ಆಸನ ಯಾವುದು ಎನ್ನುವ ರಗಳೆ ಏಳದಿರಲಿ ಅಂತ ಚಿನಾತ್ಸು ಬೆಳಿಗ್ಗೆಯೇ ಮೇಜನ್ನು ತಿರುಗಿಸಿ, ಎರಡೂ ಕುರ್ಚಿ ಬಾಗಿಲಿನಿಂದ ಅಷ್ಟಷ್ಟೇ ದೂರ ಇರುವಂತೆ ಟೇಪು ಹಿಡಿದು ಅಳೆದಿಟ್ಟಿದ್ದಳು. ತೊಗಾವಾ ಮೇಷ್ಟ್ರು ಅದನ್ನು ಗಮನಿಸಿದರು.

ಮೊದಲ ಹತ್ತು ನಿಮಿಷ ಇಬ್ಬರೂ ಪುಸ್ತಕದ ಹಾಗೆ ಮಾತಾಡಿದರು. ಚಿನಾತ್ಸುವಿಗೆ ಆಕಳಿಕೆ ಬಂತು. ಆಮೇಲೆ ಕುಸುನೊಸೆ ಮೇಷ್ಟ್ರು, ತಮ್ಮ ಹೈಸ್ಕೂಲು ಶುರುವಾದ ವಸಂತದಲ್ಲಿ ಸಾಕಾಇದೆಯ ಉಪ್ಪಿನ ಗದ್ದೆಗಳು ಮುಚ್ಚಿದ್ದನ್ನು ಹೇಳಿದರು. ಅಪ್ಪ ಉಪ್ಪಿನ ಮರಳು ಎಳೆಯುವ ಹಲುಬೆಯನ್ನು ಮಾಡಿಗೆ ತೂಗುಹಾಕಿದವರು ಮತ್ತೆ ಇಳಿಸಲೇ ಇಲ್ಲವಂತೆ. ಹುಡುಗ ಕುಸುನೊಸೆ ದಡಕ್ಕೆ ಹೋಗಿ ಎದುರು ದಡವನ್ನು ದುರುಗುಟ್ಟಿ ನೋಡಿದನಂತೆ.

"ಆ ಕಡೆಯವರು ಇನ್ನೂ ಉಪ್ಪು ಮಾಡ್ತಿದಾರೆ, ನಮ್ಮದನ್ನ ಮಾತ್ರ ಮುಚ್ಚಿಸಿದ್ರು ಅಂತ ನನಗೆ ಹೊಟ್ಟೆ ಉರೀತಿತ್ತು," ಅಂದರು.

ತೊಗಾವಾ ಮೇಷ್ಟ್ರು ಕುರ್ಚಿಯನ್ನು ಅವರ ಕಡೆ ತಿರುಗಿಸಿಕೊಂಡರು.

"ನಮ್ಮಮ್ಮನ ಕೆಲಸ ಹೋಗಿದ್ದೂ ಅದೇ ವಸಂತದಲ್ಲಿ. ನಾನೂ ದಡಕ್ಕೆ ಹೋಗಿ ನಿಮ್ಮ ಕಡೆ ನೋಡ್ತಿದ್ದೆ. ಸಾಕಾಇದೆಯವರು ಅದೃಷ್ಟವಂತರು, ಅವರಿಗೆ ಇನ್ನೂ ಉಪ್ಪಿದೆ ಅಂತ ಬಯ್ಕೋತಿದ್ದೆ."

ಇಬ್ಬರು ಹುಡುಗರು ಒಂದೇ ನೀರಿನ ಆಚೆ ಈಚೆ ನಿಂತು, ಇಲ್ಲದ ಉಪ್ಪಿಗಾಗಿ ಒಬ್ಬರನ್ನೊಬ್ಬರು ದ್ವೇಷಿಸಿದ್ದು ಐವತ್ತು ವರ್ಷ ಕಳೆದ ಮೇಲೆ ಬಯಲಾಯಿತು. ಮೇಷ್ಟ್ರುಗಳಿಗೆ ನಗು ಬಂತು. ನಗುತ್ತ ನಗುತ್ತ ಕುಸುನೊಸೆ ಕಣ್ಣೊರೆಸಿಕೊಂಡರು. ಅಲ್ಲಿಂದ ಪಾಠಕ್ಕೆ ಜೀವ ಬಂತು. ಒಬ್ಬರ ಮಾತನ್ನು ಒಬ್ಬರು ಕಿತ್ತುಕೊಂಡು ಮುಕ್ಕಾಲು ಗಂಟೆ ಮಾತಾಡಿದರು, ಯಾರೂ ತಾವು ಮೊದಲು ಅನ್ನಲಿಲ್ಲ. ಚಿನಾತ್ಸು ಕ್ಯಾಮೆರಾದ ಹಿಂದೆ ಮೂಗು ಸೀಟಿಕೊಳ್ಳದೆ ಸುಮ್ಮನೆ ಕಣ್ಣೀರು ಸುರಿಸಿದಳು, ಸದ್ದು ರೆಕಾರ್ಡ್ ಆಗಿಬಿಟ್ಟೀತೆಂಬ ಭಯಕ್ಕೆ.

ಶುಕ್ರವಾರ ಮೂರೂವರೆಗೆ ಎಲ್ಲ ಸಿದ್ಧ. ಒಂಬತ್ತು ಪಾಠ, ಎರಡು ಮುದ್ರೆ. ಪರದೆಯ ಮೇಲೆ ಮತ್ತೆ ಅದೇ ಮುಖಗಳು, ಜೊತೆಗೆ ಈ ಸಲ ಚಿನಾತ್ಸುವಿನ ಹಿಂದೆ ಬಾಂದೋ ಅವರೂ ಕೈಕಟ್ಟಿ ನಿಂತಿದ್ದರು. ಅರ್ಜಿಯ ಕೊನೆಗೆ ಒಂದು ಮನೆ ಖಾಲಿ ಉಳಿದಿತ್ತು. ಹಾಳೆಯಲ್ಲೂ ಒಂಬತ್ತನೇ ಸಾಲಿನ ಕೆಳಗೆ ಚಿನಾತ್ಸು ಅದಕ್ಕೊಂದು ಸಾಲು ಸೇರಿಸಿದ್ದಳು, ಅದಿನ್ನೂ ಕೆಂಪು: ಕೋರ್ಸಿನ ಹೊಣೆಗಾರರು. ಹೆಸರು ಒಂದೇ ಇರಬೇಕು. ಆ ಹೆಸರಿನವರು ಕೋರ್ಸು ನಡೆಯುವ ಮೂರು ವರ್ಷವೂ ಎರಡು ವಿಶ್ವವಿದ್ಯಾಲಯಗಳಲ್ಲಿ ಒಂದರ ಕೆಲಸದಲ್ಲಿ ಇರಲೇಬೇಕು, ಎಂ.ಎ. ಆಗಿದ್ದರೆ ಸಾಕು. ನಿಯಮ ಅಷ್ಟೇ.

"ಕುಸುನೊಸೆ ಸೆನ್ಸೇ ಅವರ ಹೆಸರೇ ಇರಲಿ," ಅಂದರು ತೊಗಾವಾ.

"ಎಲ್ಲಾದ್ರೂ ಉಂಟೇ, ತಮ್ಮದು," ಅಂದರು ಕುಸುನೊಸೆ.

ಚಿನಾತ್ಸು ಗಡಿಯಾರ ನೋಡಿದಳು. ಮತ್ತೆ ಶುರುವಾಯಿತಲ್ಲಪ್ಪ. ಮೂರೂ ನಲವತ್ತು. ಮಿಜೊಬುಚಿ ಮೂಲೆಯಲ್ಲಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಆಗ ಕುಸುನೊಸೆ ಮೇಷ್ಟ್ರು ಕೆಮ್ಮಿ, ನಾವಿಬ್ಬರೂ ಮುಂದಿನ ವರ್ಷ ನಿವೃತ್ತಿ, ಮೂರು ವರ್ಷ ಇರೋರು ಬೇಕು ಅಂತ ನಿನ್ನೆ ರೈಲ್ವೆ ನಿಲ್ದಾಣದಲ್ಲೇ ಮಾತಾಡಿಕೊಂಡಾಗಿದೆ, ಸುಮ್ಮನೆ ಮರ್ಯಾದೆಗೆ ಒಂದು ಸುತ್ತು ಹೇಳಿದ್ವಿ ಅಂದರು. ತೊಗಾವಾ ಮೇಷ್ಟ್ರು ಹುಬ್ಬು ಹಾರಿಸಿ ಬಾಂದೋ ಅವರ ಕಡೆ ನೋಡಿದರು.

"ಕುರ್ಚಿ ಅಳೆದಿಟ್ಟೋರ ಹೆಸರು ಹಾಕಿ. ಒಕಿಹಾರಾ-ಸಾನ್, ನೀವು ಒಪ್ಕೋಬೇಕು."

ಬಾಂದೋ ಕಟ್ಟಿದ ಕೈ ಬಿಚ್ಚಿದರು. ಆ ಹೆಸರು ಬಿದ್ದರೆ ಅವಳ ಗುತ್ತಿಗೆಯನ್ನು ಮೂರು ವರ್ಷ ಬೆಳೆಸಲೇಬೇಕು. ಏನೋ ಹೇಳಲು ಬಾಯಿ ತೆರೆದವರು, ಇಬ್ಬರು ಹಿರಿಯ ಮೇಷ್ಟ್ರುಗಳ ಮುಖ ನೋಡಿ ಮುಚ್ಚಿದರು.

ಚಿನಾತ್ಸುವಿನ ಬಾಯಿ ತಾನಾಗಿಯೇ ಆಡಿತು. ಅಯ್ಯೋ, ನಾನು ಅಷ್ಟಕ್ಕೆಲ್ಲ ತಕ್ಕವಳಲ್ಲ ಸೆನ್ಸೇ, ಅಂದಳು. ಹುಟ್ಟಿದಂದಿನಿಂದ ಅಂದುಕೊಂಡು ಬಂದ ಮಾತು, ತಡೆಯುವುದು ಹೇಗೆ? ಕುಸುನೊಸೆ ಮೇಷ್ಟ್ರು, ನಿಮ್ಮನ್ನ ಬಿಟ್ಟು ಇನ್ಯಾರೂ ಇಲ್ಲ ಅಂದರು. ಹೋಗಿ ಹೋಗಿ ನನ್ನಂಥವಳನ್ನ, ಬೇಡ ಸೆನ್ಸೇ, ಅಂದಳು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಎರಡಾಯಿತು.

ಮೂರನೇ ಕರೆ ಮಾತ್ರ ಬರಲಿಲ್ಲ. ಗಡಿಯಾರ ಮೂರೂ ಐವತ್ತೆರಡು ತೋರಿಸುತ್ತಿತ್ತು. ಬೇಕು ಅನ್ನುವ ಮಾತು ಹೊಟ್ಟೆಯಿಂದ ಎದ್ದು ಬಂದು ಹಲ್ಲಿನ ಹಿಂದೆ ನಿಂತಿತ್ತು. ಅವರು ಮೂರನೇ ಸಲ ಕೇಳದೇ ಹೋದರೆ? ಅವಳ ಮಾತನ್ನೇ ನಿಜ ಅಂತ ನಂಬಿ, ಸರಿ ಬಿಡಿ ಅಂದುಬಿಟ್ಟರೆ? ಒಂದೂವರೆ ತಿಂಗಳು ಆ ಇಬ್ಬರು ಮುದುಕರು ಹೀಗೇ ಉಸಿರು ಬಿಗಿಹಿಡಿದು ಕಾದಿದ್ದರೇ? ತಾನು ಕಾಯಿಸಿದ್ದು ಎಂಥ ಪಾಪ ಅಂತ ಈಗ ಅವಳಿಗೆ ಗೊತ್ತಾಯಿತು. ಆರನೇ ಹೂಗುಚ್ಛ ಕಣ್ಣ ಮುಂದೆ ಬಂತು, ಬಣ್ಣದ ಕಾಗದದ ಸಮೇತ.

ಆಗ ಪರದೆಯಲ್ಲಿ ಒಂದು ಬಿಳಿ ತಲೆ, ಒಂದು ನುಣುಪು ತಲೆ, ಎರಡೂ ಒಟ್ಟಿಗೆ ಕ್ಯಾಮೆರಾದ ಮುಂದೆ ಬಾಗಿದವು. ಬಾಗಿದವು ಮೇಲೇಳಲಿಲ್ಲ.

"ಒಕಿಹಾರಾ-ಸಾನ್," ಅಂದರು ಇಬ್ಬರೂ, ನೆಲ ನೋಡುತ್ತಲೇ. "ದಯವಿಟ್ಟು."

ಚಿನಾತ್ಸು ಇನ್ನೊಂದು ಕ್ಷಣ ಕಾಯಲಿಲ್ಲ. ಸಂಕೋಚಪಡುವುದನ್ನೂ ಮರೆತಳು. ಮಾಡ್ತೀನಿ ಅಂದಳು, ಸ್ವಲ್ಪ ಜೋರಾಗಿಯೇ. ಮೂರೂ ಐವತ್ತಾರಕ್ಕೆ ಖಾಲಿ ಮನೆಯಲ್ಲಿ ತನ್ನ ಹೆಸರನ್ನು ತಾನೇ ಬರೆದಳು. ಸಾಲು ಹಸಿರಾಯಿತು. ಹಸಿರು ನೋಡಿ ಸುಮ್ಮನಾಗಲಿಲ್ಲ, ಒಳಗೆ ಬರೆದದ್ದನ್ನು ಎರಡು ಸಲ ಓದಿ ನೋಡಿ, ಆಮೇಲೆ ಕಳಿಸಿದಳು.